ಬಿಡದ ಮಶೇರಿ ಚಟ, ಸಡಿಲಾಗುವ ಹಲ್ಲು

ಅಕ್ಕಲಕೋಟ: ಬೆಳಗಾದರೆ ಸಾಕು, ಒಲೆಯ ಮೇಲೆ ಚಹಾ ಏರುವ ಮೊದಲೇ ಅಂಗೈಯಲ್ಲಿ ಚಿಟಿಕೆ ಕರಿ ಪುಡಿ. ಹಲ್ಲಿಗೆ, ಒಸಡಿಗೆ ತಿಕ್ಕಿ ಕಟ್ಟೆಯ ಮೇಲೆ ಕುಳಿತರೆ ಅರ್ಧ ತಾಸು ಮಾತಿಲ್ಲ. ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಹಳ್ಳಿಗಳಲ್ಲಿ ಅನೇಕ ಹಿರಿಯ ಹೆಣ್ಣುಮಕ್ಕಳ ದಿನ ಶುರುವಾಗುವುದೇ ಮಶೇರಿಯಿಂದ.

ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವಂತೆ ಹುರಿದು ಪುಡಿ ಮಾಡಿದರೆ ಅದೇ ಮಶೇರಿ. ಮರಾಠಿಯಲ್ಲಿ ಮಿಶ್ರಿ ಎಂದೂ ಕರೆಯುತ್ತಾರೆ. ಗಂಡ ಬೀಡಿ ಸೇದಿದರೆ ಮನೆ ತುಂಬ ಗದ್ದಲ ಮಾಡುವ ತಾಯಂದಿರು ಇದನ್ನು ಮಾತ್ರ ಚಟ ಎಂದು ಒಪ್ಪುವುದಿಲ್ಲ. ‘ಇದೇನ್ ತಂಬಾಕ ತಿಂದಂಗಲ್ರೀ, ಹಲ್ಲ ತಿಕ್ಕೂ ಪುಡಿ’ ಎಂಬ ಸಮರ್ಥನೆ ಸಿದ್ಧ. ಆದರೆ ಹುರಿದರೂ ತಂಬಾಕು ತಂಬಾಕೇ. ನಿಕೋಟಿನ್ ಒಸಡಿನ ಮೂಲಕ ನೇರ ರಕ್ತ ಸೇರುತ್ತದೆ. ಮುಂಜಾನೆ ಒಂದು ಸಲ ಇದ್ದದ್ದು ಕ್ರಮೇಣ ನಾಲ್ಕು ಸಲ ಆಗುವುದು ಇದೇ ಕಾರಣಕ್ಕೆ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಮನೆಯ ಹಂಚಿನ ಮೇಲೆ ಹುರಿಯುವುದನ್ನು ಯಾವ ಕಾನೂನು ತಡೆದೀತು?

ಹಲ್ಲುನೋವಿನಿಂದಲೇ ಈ ಚಟ ಹತ್ತಿದವರು ಬಹಳ. ದವಡೆ ಹಲ್ಲು ಹುಳುಕಾಗಿ ಜುಮ್ಮೆಂದಾಗ ಅತ್ತೆಯೋ ನೆರೆಯವರೋ ‘ಒಂದೀಟ ಹಚ್ಚು’ ಎನ್ನುತ್ತಾರೆ. ನೋವು ಮಂದವಾಗುತ್ತದೆ, ಹುಳುಕು ಒಳಗೊಳಗೆ ನರದವರೆಗೆ ಇಳಿಯುತ್ತದೆ. ಒಸಡು ಸರಿದು ಬೇರು ಕಾಣುತ್ತದೆ, ಹಲ್ಲು ಅಲ್ಲಾಡತೊಡಗುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ಬಾಯಿ ಕ್ಯಾನ್ಸರಿನದು. ಬಸುರಿಯರು ಬಳಸಿದರೆ ಕೂಸಿನ ತೂಕವೂ ಕಡಿಮೆಯಾಗುತ್ತದೆ.

ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಕೊರಳಲ್ಲಿ ಗಂಟು ಕಂಡರೆ ನೋವಿಲ್ಲವೆಂದು ಸುಮ್ಮನಿರಬಾರದು. ಮೊದಮೊದಲು ಕ್ಯಾನ್ಸರ್ ನೋಯುವುದೇ ಅಪರೂಪ. ಗುಟಖಾ, ಅಡಿಕೆ ತಿನ್ನುವ ಹುಡುಗರು ತಮ್ಮ ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯಲ್ಲಿ ಹಿಡಿಸಿ ನೋಡಲಿ. ಹಿಡಿಸದಿದ್ದರೆ ಬಾಯಿ ಬಿಗಿಯುತ್ತಿದೆ ಎಂದು ತಿಳಿಯಬೇಕು. ಮಹಾರಾಷ್ಟ್ರದಲ್ಲಿ 2012ರಲ್ಲಿ, ಕರ್ನಾಟಕದಲ್ಲಿ 2013ರಲ್ಲಿ ಗುಟಖಾ ನಿಷೇಧವಾಯಿತು. ಚಟ ಮಾತ್ರ ಎರಡೂ ಕಡೆ ಉಳಿದಿದೆ.

‘ಹಲ್ಲ ಸ್ವಚ್ಛ ಮಾಡ್ಸಿದ್ರ ಸಡಲ ಆಗ್ತಾವ’ ಎಂಬ ಅಂಜಿಕೆಯೂ ಹಳ್ಳಿಗಳಲ್ಲಿ ಸಾಕಷ್ಟಿದೆ. ನಿಜಸ್ಥಿತಿ ಉಲ್ಟಾ. ಹಲ್ಲಿನ ಬುಡದಲ್ಲಿ ಕಲ್ಲಿನಂತೆ ಕುಳಿತ ಪಾಚಿಯೇ ಒಸಡು, ಎಲುಬು ತಿಂದು ಹಲ್ಲನ್ನು ಸಡಿಲಿಸಿರುತ್ತದೆ. ಪಾಚಿ ತೆಗೆದಾಗ ಅದು ಗೊತ್ತಾಗುತ್ತದೆ ಅಷ್ಟೆ.

ನೋವು ಬಂದ ರಾತ್ರಿ ಬೆಚ್ಚನೆಯ ಉಪ್ಪುನೀರು ಮುಕ್ಕಳಿಸಿ, ಲವಂಗದೆಣ್ಣೆ ಹನಿ ಹಾಕಿದ ಹತ್ತಿ ಇಟ್ಟುಕೊಳ್ಳಬಹುದು. ಗುಳಿಗೆಯನ್ನು ನುಂಗದೆ ಹಲ್ಲಿನ ಸಂದಿಯಲ್ಲಿ ಇಟ್ಟುಕೊಳ್ಳುವ ರೂಢಿ ಕೆಟ್ಟದ್ದು, ಒಸಡು ಸುಡುತ್ತದೆ. ಗಲ್ಲ ಬಾತು ಜ್ವರ ಬಂದರೆ, ನುಂಗಲು ಕಷ್ಟವಾದರೆ ಬೆಳಗಿನವರೆಗೂ ಕಾಯದೆ ದವಾಖಾನೆಗೆ ಹೋಗಬೇಕು.

ಸೊಲ್ಲಾಪುರ, ಸಾಂಗಲಿ, ವಿಜಯಪುರ, ಕಲಬುರಗಿ ನಾಲ್ಕೂ ಕಡೆ ದಂತ ಕಾಲೇಜುಗಳಿವೆ. ಖಾಸಗಿ ದವಾಖಾನೆಗಿಂತ ಅಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ. ಜತ್ತದವರಿಗೆ ವಿಜಯಪುರ, ಅಕ್ಕಲಕೋಟದವರಿಗೆ ಸೊಲ್ಲಾಪುರ ಹತ್ತಿರ. ಮರಾಠಿ ಬಾರದ ಅಜ್ಜಿಯರ ಜೊತೆ ಮೊಮ್ಮಕ್ಕಳು ಹೋದರೆ ವೈದ್ಯರಿಗೂ ಅನುಕೂಲ.

ಮಶೇರಿ ಬಿಟ್ಟ ಮೊದಲ ವಾರ ತಲೆನೋವು, ಸಿಡುಕು, ಮಲಬದ್ಧತೆ ಸಹಜ. ‘ಹಚ್ಚದಿದ್ರ ಹೊಟ್ಟಿ ಸಾಫ್ ಆಗೂದಿಲ್ಲ’ ಎಂದು ಮತ್ತೆ ಡಬ್ಬಿ ತೆರೆಯುವುದು ಇಲ್ಲೇ. ಬಿಸಿನೀರು, ಸೊಪ್ಪಿನ ಪಲ್ಯ ಹೆಚ್ಚಿಸಿ ಕೆಲ ದಿನ ತಾಳಿಕೊಂಡರೆ ಸರಿಹೋಗುತ್ತದೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ.