ವೈದ್ಯವಿಜ್ಞಾನದ ಗ್ರಂಥಪಾಲರು

ವೈದ್ಯವಿಜ್ಞಾನದ ಮುನ್ನಡೆಯನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಸಂಶೋಧಕರನ್ನು, ಶಸ್ತ್ರವೈದ್ಯರನ್ನು, ಹೊಸ ಹೊಸ ಔಷಧಗಳನ್ನು ನೆನೆಯುತ್ತೇವೆ. ಪ್ರಯೋಗಶಾಲೆಯಲ್ಲಿ ತಿಳಿದುಬಂದ ಸಂಗತಿ ರೋಗಿಯ ಹಾಸಿಗೆಯವರೆಗೆ ಹೇಗೆ ಹೋಗಿ ತಲುಪುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಸಂಶೋಧಕನು ತಾನು ಕಂಡುದನ್ನು ಲೇಖನವಾಗಿ ಬರೆದು ನಿಯತಕಾಲಿಕವೊಂದರಲ್ಲಿ ಅಚ್ಚುಮಾಡಿಸುತ್ತಾನೆ. ಅಲ್ಲಿಗೆ ಅವನ ಹೊಣೆ ಮುಗಿಯಿತು. ಆ ಲೇಖನವು ಬೇಕಾದವನ ಕಣ್ಣಿಗೆ ಬೇಕಾದ ಹೊತ್ತಿಗೆ ಬೀಳಬೇಕಷ್ಟೆ. ಬೀಳದಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ.

ಪೆನಿಸಿಲಿನ್ನಿನ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅಲೆಗ್ಸಾಂಡರ್ ಫ್ಲೆಮಿಂಗ್ ಅವರು ಬೂಷ್ಟಿನ ಈ ಗುಣವನ್ನು ವಿವರಿಸಿ 1929ರಲ್ಲಿ ಲೇಖನ ಪ್ರಕಟಿಸಿದರು. ಅನಂತರ ಸುಮಾರು ಒಂಬತ್ತು ವರ್ಷಕಾಲ ಅದನ್ನು ಗಮನಿಸಿದವರು ಬಹಳ ಮಂದಿಯಿಲ್ಲ. 1938ರ ಸುಮಾರಿಗೆ ಆಕ್ಸ್‌ಫರ್ಡಿನಲ್ಲಿ ಅರ್ನ್‌ಸ್ಟ್ ಚೇನ್ ಅವರು ಹಳೆಯ ಲೇಖನಗಳನ್ನು ಓದುತ್ತಿದ್ದಾಗ ಅದು ಅವರ ಕೈಗೆ ಸಿಕ್ಕಿತು. ಅವರೂ ಹೋವರ್ಡ್ ಫ್ಲೋರಿ ಅವರೂ ಸಂಗಡಿಗರೊಡನೆ ದುಡಿದು 1941ರಲ್ಲಿ ಆ ಔಷಧವನ್ನು ಮೊದಲ ರೋಗಿಗಳಿಗೆ ಕೊಟ್ಟರು. ಈ ವಿಳಂಬಕ್ಕೆ ಪೆನಿಸಿಲಿನ್ನನ್ನು ಶುದ್ಧಗೊಳಿಸುವ ಕಷ್ಟವೂ ಕಾರಣವಾಗಿತ್ತು, ನಿಜ. ಆದರೂ ಒಂಬತ್ತು ವರ್ಷ ಕಪಾಟಿನಲ್ಲಿ ಮಲಗಿದ್ದ ಹಾಳೆಗಳನ್ನು ಯಾರೋ ಒಬ್ಬರು ಬಿಚ್ಚಿ ಓದಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ನಮ್ಮ ನಾಡಿನ ರೈತರು ಹಿಂದೆ ಧಾನ್ಯವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಒಳಗೆ ಎಷ್ಟೇ ಧಾನ್ಯವಿರಲಿ, ಹಗೇವಿನ ಬಾಯಿ ಎಲ್ಲಿದೆಯೆಂಬುದು ಮರೆತುಹೋದರೆ ಬರಗಾಲದಲ್ಲಿ ಅದರ ಮೇಲೆಯೇ ಓಡಾಡುತ್ತ ಹಸಿದಿರಬೇಕಾದೀತು. ಮುದ್ರಿತ ಜ್ಞಾನದ ಸ್ಥಿತಿಯೂ ಇಂಥದೇ. ಅದರ ಬಾಯಿಯನ್ನು ಗುರುತುಹಾಕಿ ಇಡುವುದನ್ನೇ ವೃತ್ತಿಯಾಗಿ ಕೈಗೊಂಡವರ ಒಂದು ಸಣ್ಣ ಸಮುದಾಯವುಂಟು. ಅವರೇ ವೈದ್ಯಕೀಯ ಗ್ರಂಥಪಾಲರು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ, ಅವರು ಸಾಧಿಸಿದ ಕೆಲಸವನ್ನು ಇಲ್ಲಿ ಪರಿಶೀಲಿಸೋಣ.

ಎಂಟು ಜನರ ಸಂಘ

1898ರ ಮೇ 2ರಂದು ಫಿಲಡೆಲ್ಫಿಯ ನಗರದಲ್ಲಿ ನಾಲ್ವರು ವೈದ್ಯರೂ ನಾಲ್ವರು ಗ್ರಂಥಪಾಲರೂ ಸೇರಿ ಒಂದು ಸಂಘವನ್ನು ಸ್ಥಾಪಿಸಿದರು. ಅವರನ್ನು ಕರೆದವರು ವೈದ್ಯಕೀಯ ಪತ್ರಿಕೆಯೊಂದರ ಸಂಪಾದಕರಾಗಿದ್ದ ಜಾರ್ಜ್ ಗೌಲ್ಡ್. ಮುಂದೆ 1907ರಲ್ಲಿ ಇದಕ್ಕೆ ‘ಮೆಡಿಕಲ್ ಲೈಬ್ರರಿ ಅಸೋಸಿಯೇಷನ್’ ಎಂಬ ಹೆಸರು ಬಂದಿತು. ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ಅವರು ಆರಂಭಕಾಲದ ಅಧ್ಯಕ್ಷರಲ್ಲೊಬ್ಬರು.

ಸಂಘದ ಮೊದಲ ಉದ್ದೇಶ ತೀರ ಸರಳವಾದುದು. ಒಂದು ಗ್ರಂಥಾಲಯದಲ್ಲಿ ಒಂದೇ ಸಂಚಿಕೆಯ ಎರಡು ಪ್ರತಿಗಳು ಬಿದ್ದಿರುತ್ತವೆ. ಇನ್ನೊಂದರಲ್ಲಿ ಅದೇ ಸಂಚಿಕೆಯಿಲ್ಲದೆ ಸಂಪುಟ ಕಟ್ಟಿಸದೆ ಉಳಿದಿರುತ್ತದೆ. ಹೆಚ್ಚಾದುದನ್ನು ಇಲ್ಲದವರಿಗೆ ಕೊಡುವ ವಿನಿಮಯ ಕೇಂದ್ರವೊಂದನ್ನು ಅವರು ಏರ್ಪಡಿಸಿದರು. ಪಡೆದವರು ಸಾಗಾಣಿಕೆಯ ವೆಚ್ಚವನ್ನು ಕೊಟ್ಟರೆ ಸಾಕು. ಈ ಕೇಂದ್ರವನ್ನು ಕೆಲಕಾಲ ಬಾಲ್ಟಿಮೋರಿನಿಂದ ನಡೆಸಿದವರು ಮಾರ್ಸಿಯ ನಾಯ್ಸ್ ಎಂಬ ಮಹಿಳೆ. ಮೇರಿಲ್ಯಾಂಡಿನ ವೈದ್ಯರ ಸಂಸ್ಥೆಯ ಗ್ರಂಥಾಲಯಕ್ಕೆ 1896ರಲ್ಲಿ ಸೇರಿದ ಆಕೆ 1946ರಲ್ಲಿ ತೀರಿಕೊಳ್ಳುವವರೆಗೆ ಅದೇ ಸಂಸ್ಥೆಯಲ್ಲಿ ದುಡಿದರು. ವಾಸವೂ ಆ ಕಟ್ಟಡದ ಮೇಲಂತಸ್ತಿನಲ್ಲಿಯೇ. ಸಂಘ ಹುಟ್ಟಿ ಮೂವತ್ತೈದು ವರ್ಷಗಳವರೆಗೆ ಅಧ್ಯಕ್ಷರಾಗಿದ್ದವರೆಲ್ಲ ವೈದ್ಯರೇ. 1933ರಲ್ಲಿ ಆ ಪದವಿಗೆ ಬಂದ ನಾಯ್ಸ್ ಅವರೇ ವೈದ್ಯರಲ್ಲದ ಮೊದಲ ಅಧ್ಯಕ್ಷರು, ಮೊದಲ ಮಹಿಳೆಯೂ ಹೌದು. ಪುಸ್ತಕ ಕಾಯುವವರೆಂದು ಎಣಿಸಲ್ಪಟ್ಟಿದ್ದವರು ತಮ್ಮ ವೃತ್ತಿಯನ್ನು ತಾವೇ ನಡೆಸಿಕೊಳ್ಳಬಲ್ಲರೆಂಬುದು ಅಲ್ಲಿಂದ ಸ್ಪಷ್ಟವಾಯಿತು.

‘ಅ’ದಿಂದ ‘ಳ’ದವರೆಗೆ

ಸಂಚಿಕೆಗಳನ್ನು ಕೂಡಿಸಿಟ್ಟರಷ್ಟೇ ಸಾಲದು. ಯಾವ ಲೇಖನ ಎಲ್ಲಿದೆಯೆಂದು ಹೇಳುವ ಸೂಚಿಯೂ ಬೇಕು. ವಾಷಿಂಗ್ಟನ್ನಿನಲ್ಲಿದ್ದ ಸೇನಾ ವೈದ್ಯಕೀಯ ಗ್ರಂಥಾಲಯದ ಅಧಿಕಾರಿ ಜಾನ್ ಷಾ ಬಿಲ್ಲಿಂಗ್ಸ್ ಅವರು ಈ ಕೆಲಸವನ್ನು ಎರಡು ಬಗೆಯಲ್ಲಿ ಕೈಗೊಂಡರು. 1879ರಲ್ಲಿ ಅವರೂ ರಾಬರ್ಟ್ ಫ್ಲೆಚರ್ ಅವರೂ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದರು. ಮರುವರ್ಷ ‘ಇಂಡೆಕ್ಸ್ ಕ್ಯಾಟಲಾಗ್’ ಎಂಬ ಮಹಾಸೂಚಿಯ ಮೊದಲ ಸಂಪುಟ ಹೊರಬಂದಿತು. ಅದರ ಮೊದಲ ಮಾಲೆಯೇ 16 ಸಂಪುಟಗಳಷ್ಟಾಗಿ 1895ರಲ್ಲಿ ಮುಗಿಯಿತು.

ಮಹಾಸೂಚಿಯ ಏರ್ಪಾಡಿನಲ್ಲಿ ಒಂದು ತೊಡಕಿತ್ತು. ವಿಷಯಗಳು ಅಕ್ಷರಾನುಕ್ರಮದಲ್ಲಿ ಸಂಪುಟದಿಂದ ಸಂಪುಟಕ್ಕೆ ಸಾಗುತ್ತಿದ್ದುವು. ನಮ್ಮ ಕನ್ನಡದ ಮಾತಿನಲ್ಲಿಯೇ ಹೇಳುವುದಾದರೆ, ‘ಅತಿಸಾರ’ವನ್ನು ಕುರಿತ ಲೇಖನಗಳ ಪಟ್ಟಿ ಮೊದಲ ವರ್ಷವೇ ಅಚ್ಚಾಗುತ್ತದೆ, ‘ಹೃದ್ರೋಗ’ದ ಸರದಿ ಬರುವ ಹೊತ್ತಿಗೆ ಹದಿನೈದು ವರ್ಷ ಸಂದಿರುತ್ತವೆ. ‘ಅತಿಸಾರ’ವನ್ನು ಕುರಿತು ಎರಡನೆಯ ವರ್ಷ ಬಂದ ಹೊಸ ಲೇಖನವಾದರೋ ಮುಂದಿನ ಮಾಲೆಯವರೆಗೆ ಕಾದಿರಬೇಕು. ಲೇಖನಗಳು ಕಡಮೆಯಿದ್ದ ಕಾಲದಲ್ಲಿ ಇದು ಹೇಗೋ ನಡೆಯಿತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಚ್ಚಾಗದೆ ಉಳಿದ ಸೂಚೀಪತ್ರಗಳು ಲಕ್ಷಗಟ್ಟಲೆ ಬೆಳೆದುವು. ನಾಲ್ಕನೆಯ ಮಾಲೆಯನ್ನು ಇಂಗ್ಲಿಷಿನ ‘ಎಂ’ ಅಕ್ಷರವೂ ಪೂರ್ತಿಯಾಗದೆ 1955ರಲ್ಲಿ ನಿಲ್ಲಿಸಬೇಕಾಯಿತು.

ಯುದ್ಧಕಾಲದ ಪಾಠ

ಎರಡನೆಯ ಮಹಾಯುದ್ಧ ಈ ಕೊರತೆಯನ್ನು ಎತ್ತಿ ತೋರಿಸಿತು. ರಣರಂಗದಲ್ಲಿರುವ ವೈದ್ಯನಿಗೆ ಮುಂದಿನ ದಶಕದಲ್ಲಿ ಬರುವ ಸೂಚಿಯಿಂದೇನು ಪ್ರಯೋಜನ? ಅಟರ್ಟನ್ ಸೈಡೆಲ್ ಎಂಬ ರಸಾಯನಶಾಸ್ತ್ರಜ್ಞರು 1941ರಲ್ಲಿ ‘ಕರೆಂಟ್ ಲಿಸ್ಟ್’ ಎಂಬ ಕಿರುಹೊತ್ತಗೆಯನ್ನು ವಾರಕ್ಕೊಮ್ಮೆ ಹೊರಡಿಸತೊಡಗಿದರು. ಅದರಲ್ಲಿ ಆಗತಾನೆ ಬಂದ ಪತ್ರಿಕೆಗಳ ಲೇಖನಗಳ ಹೆಸರುಗಳಿರುತ್ತಿದ್ದುವು. ಬೇಕಾದ ಲೇಖನವನ್ನು ಕೇಳಿದವರಿಗೆ ಮೈಕ್ರೋಫಿಲ್ಮಿನಲ್ಲಿ, ಎಂದರೆ ಪುಟಗಳನ್ನು ಕುಗ್ಗಿಸಿ ಚಿತ್ರಿಸಿದ ಸಣ್ಣ ಸುರುಳಿಯಲ್ಲಿ, ಕಳುಹಿಸಿಕೊಡುತ್ತಿದ್ದರು.

ಯುದ್ಧ ಮುಗಿದ ಮೇಲೆ ಸಂಘದ ಹಳೆಯ ವಿನಿಮಯ ಕೇಂದ್ರಕ್ಕೆ ಹೊಸ ಕೆಲಸ ಬಂದಿತು. ಯುರೋಪಿನ ಎಷ್ಟೋ ಗ್ರಂಥಾಲಯಗಳು ಸುಟ್ಟು ಹಾಳಾಗಿದ್ದುವು. ಉಳಿದವುಗಳಿಗೂ ಯುದ್ಧದ ವರ್ಷಗಳ ಸಂಚಿಕೆಗಳು ತಲುಪಿರಲಿಲ್ಲ. ಅಮೆರಿಕದ ಗ್ರಂಥಪಾಲರು ತಮ್ಮಲ್ಲಿ ಹೆಚ್ಚಾಗಿದ್ದ ಪ್ರತಿಗಳನ್ನು ಅಲ್ಲಿಗೆ ಕಳುಹಿಸಿದರು. 1953ರಲ್ಲಿ ಲಂಡನ್ನಿನಲ್ಲಿ ವೈದ್ಯಕೀಯ ಗ್ರಂಥಪಾಲರ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು.

ವೃತ್ತಿಯ ಒಳಗೂ ಶಿಸ್ತು ಬೆಳೆಯಿತು. ಜಾನೆಟ್ ಡೋ ಅವರ ಸಂಪಾದಕತ್ವದಲ್ಲಿ 1943ರಲ್ಲಿ ಈ ವೃತ್ತಿಯ ಕೈಪಿಡಿ ಪ್ರಕಟವಾಯಿತು. ವೈದ್ಯಕೀಯ ಗ್ರಂಥಪಾಲರಿಗೆ ಇರಬೇಕಾದ ಅರ್ಹತೆಯ ನಿಯಮಗಳನ್ನು ಸಂಘವು 1949ರಲ್ಲಿ ಅಂಗೀಕರಿಸಿತು. ಅದೇ ವರ್ಷ ಸೇನಾ ವೈದ್ಯಕೀಯ ಗ್ರಂಥಾಲಯಕ್ಕೆ ನಿರ್ದೇಶಕರಾಗಿ ಬಂದ ಫ್ರಾಂಕ್ ರಾಜರ್ಸ್ ಅವರು ವೈದ್ಯರು. ಆದರೂ ಕೆಲಸಕ್ಕೆ ಕೂಡುವ ಮೊದಲು ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯಶಾಸ್ತ್ರವನ್ನು ಓದಿ ಪದವಿ ಪಡೆದರು. 1887ರಲ್ಲಿ ಕಟ್ಟಿದ, ಮಳೆ ಬಂದರೆ ಸೋರುತ್ತಿದ್ದ ಇಟ್ಟಿಗೆಯ ಮನೆಯಲ್ಲಿದ್ದ ಆ ಗ್ರಂಥಾಲಯ 1956ರ ಕಾಯಿದೆಯಿಂದ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1962ರಲ್ಲಿ ಅದು ಬೆಥೆಸ್ಡದ ಹೊಸ ಕಟ್ಟಡಕ್ಕೆ ಹೋಯಿತು.

ಒಂದು ವಸ್ತು, ಒಂದು ಹೆಸರು

ಸೂಚಿ ಮಾಡುವುದೆಂದರೆ ಲೇಖನದ ಶೀರ್ಷಿಕೆಯನ್ನು ನೋಡಿ ಬರೆದುಕೊಳ್ಳುವುದಷ್ಟೆ ಎಂದು ವಾಚಕರು ಭಾವಿಸಬಹುದು. ಕಷ್ಟವಿರುವುದು ಹೆಸರಿನಲ್ಲಿ. ನಮ್ಮಲ್ಲಿ ಒಂದೇ ರೋಗವನ್ನು ಕೆಲವರು ಸಿಡುಬು ಎನ್ನುತ್ತಿದ್ದರು, ಕೆಲವರು ಮೈಲಿ ಎನ್ನುತ್ತಿದ್ದರು, ಕೆಲವರು ಅಮ್ಮ ಎಂದು ಕೈಮುಗಿಯುತ್ತಿದ್ದರು. ವೈದ್ಯರ ಬರಹದಲ್ಲಿಯೂ ಹೀಗೆಯೇ. ಒಬ್ಬನು ಕ್ಷಯವೆಂದುದನ್ನು ಇನ್ನೊಬ್ಬನು ಥೈಸಿಸ್ ಎಂದಾನು, ಮತ್ತೊಬ್ಬನು ಅದರ ಕ್ರಿಮಿಯ ಹೆಸರಿನಿಂದ ಕರೆದಾನು. ಈ ಮೂರು ಲೇಖನಗಳೂ ಸೂಚಿಯ ಮೂರು ಮೂಲೆಗಳಲ್ಲಿ ಕುಳಿತರೆ ಒಂದನ್ನು ನೋಡಿದವನಿಗೆ ಉಳಿದೆರಡು ದೊರೆಯುವುದಿಲ್ಲ.

ಆದುದರಿಂದ ಪ್ರತಿಯೊಂದು ವಿಷಯಕ್ಕೂ ಒಂದೇ ಶಿರೋನಾಮವನ್ನು ಗೊತ್ತುಮಾಡಬೇಕು. ಬೇರೆ ಹೆಸರಿನಿಂದ ಹುಡುಕಿಬಂದವನಿಗೆ ‘ಇಲ್ಲಿಲ್ಲ, ಅಲ್ಲಿ ನೋಡು’ ಎಂದು ದಾರಿ ತೋರಿಸಬೇಕು. ಇಂಥ ಶಿರೋನಾಮಗಳ ಪಟ್ಟಿಯನ್ನು ರಾಜರ್ಸ್ ಅವರೂ ಅವರ ಸಹೋದ್ಯೋಗಿಗಳೂ 1960ರಲ್ಲಿ ಪ್ರಕಟಿಸಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಮೆಶ್’ ಎಂದು ಕರೆಯುತ್ತಾರೆ. ಆಗ ಅದರಲ್ಲಿದ್ದ ಶಿರೋನಾಮಗಳು ನಾಲ್ಕು ಸಾವಿರಕ್ಕೆ ಮೇಲ್ಪಟ್ಟು. ಈಗ ಸುಮಾರು 30,000. ಲೇಖನವನ್ನು ಓದಿ, ಅದು ನಿಜವಾಗಿ ಏನನ್ನು ಕುರಿತದ್ದೆಂದು ನಿರ್ಣಯಿಸಿ, ತಕ್ಕ ಶಿರೋನಾಮಗಳನ್ನು ಹಚ್ಚುವುದಕ್ಕೆ ಭಾಷೆಯೂ ವೈದ್ಯವಿಜ್ಞಾನವೂ ಎರಡೂ ತಿಳಿದಿರಬೇಕು. 1960ರಲ್ಲಿ ಹೊಸದಾಗಿ ಹೊರಟ ‘ಇಂಡೆಕ್ಸ್ ಮೆಡಿಕಸ್’ ವರ್ಷಕ್ಕೆ ಲಕ್ಷಕ್ಕೂ ಮಿಕ್ಕ ಲೇಖನಗಳನ್ನು ಹೀಗೆ ಗುರುತಿಸುತ್ತಿತ್ತು.

ಗಣಕಯಂತ್ರದ ಪ್ರವೇಶ

ಇಷ್ಟು ಲೇಖನಗಳನ್ನು ಕೈಯಿಂದ ವಿಂಗಡಿಸುವುದು ಮನುಷ್ಯರ ಶಕ್ತಿಗೆ ಮೀರಿದ ಮಾತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೆಲ್ಚ್ ವೈದ್ಯಕೀಯ ಗ್ರಂಥಾಲಯದಲ್ಲಿ 1948ರಿಂದ 1953ರವರೆಗೆ ರಂಧ್ರ ಕೊರೆದ ಕಾರ್ಡುಗಳನ್ನು ಯಂತ್ರದಿಂದ ವಿಂಗಡಿಸುವ ಪ್ರಯೋಗಗಳು ನಡೆದುವು. ಆ ಅನುಭವವೂ ಸೇರಿ 1964ರಲ್ಲಿ ‘ಮೆಡ್‌ಲಾರ್ಸ್’ ಎಂಬ ಏರ್ಪಾಡು ಕೆಲಸಕ್ಕೆ ಬಂದಿತು. ಸೂಚಿಯ ವಿವರಗಳು ಕಾಂತೀಯ ಪಟ್ಟಿಯ ಮೇಲೆ ದಾಖಲಾಗುತ್ತಿದ್ದುವು. ಹನಿವೆಲ್ 800 ಎಂಬ ಗಣಕಯಂತ್ರ ಅವನ್ನು ವಿಂಗಡಿಸಿ ಕೊಡುತ್ತಿತ್ತು.

ವೈದ್ಯನು ಪ್ರಶ್ನೆಯೊಂದನ್ನು ಬರೆದು ಕಳುಹಿಸಿದರೆ ಯಂತ್ರವು ಉತ್ತರಿಸುವ ಕ್ರಮವನ್ನು ತಿಳಿಯುವುದು ಸುಲಭ. ಉದಾಹರಣೆಗೆ, ಪಟ್ಟಿಯಲ್ಲಿ ಒಂದು ಲಕ್ಷ ಲೇಖನಗಳಿವೆಯೆನ್ನೋಣ. ಒಂದು ಔಷಧದ ಶಿರೋನಾಮದಡಿಯಲ್ಲಿ 400, ಗರ್ಭಧಾರಣೆಯ ಶಿರೋನಾಮದಡಿಯಲ್ಲಿ 5,000 ಇವೆ. ಎರಡೂ ಗುಂಪುಗಳಿಗೆ ಸೇರಿದುವು 12 ಮಾತ್ರ. ‘ಇದೂ ಅದೂ’ ಎಂದು ಕೇಳಿದರೆ ಆ 12 ಬರುತ್ತವೆ. ‘ಇದು ಅಥವಾ ಅದು’ ಎಂದು ಕೇಳಿದರೆ 5,388 ಬರುತ್ತವೆ. ‘ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಬಿಟ್ಟು’ ಎಂದು ಸೇರಿಸಿದರೆ 12 ಇನ್ನೂ ಇಳಿಯಬಹುದು. ಜಾರ್ಜ್ ಬೂಲ್ ಎಂಬ ಗಣಿತಜ್ಞರು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ತರ್ಕಗಣಿತವೇ ಇದು. ವೈದ್ಯನ ಮಾತನ್ನು ಈ ತರ್ಕಕ್ಕೆ ಇಳಿಸುವ ಗ್ರಂಥಪಾಲರ ಜಾಣ್ಮೆಯ ಮೇಲೆ ಎಲ್ಲವೂ ನಿಂತಿತ್ತು. ಪ್ರಶ್ನೆಯನ್ನು ಅಗಲಮಾಡಿದರೆ ಓದಲಾಗದಷ್ಟು ರಾಶಿ, ಇಕ್ಕಟ್ಟುಮಾಡಿದರೆ ಬೇಕಾದುದೇ ಹೊರಗೆ. ಉತ್ತರ ಅಂಚೆಯಲ್ಲಿ ಬಂದು ಕೈಸೇರಲು ವಾರಗಳು ಹಿಡಿಯುತ್ತಿದ್ದುವು. 1971ರಲ್ಲಿ ದೂರವಾಣಿ ತಂತಿಯ ಮೂಲಕ ಕೂಡಲೆ ಉತ್ತರ ಪಡೆಯುವ ‘ಮೆಡ್‌ಲೈನ್’ ಬಂದಿತು. 1997ರಿಂದ ಅದು ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಹುಬ್ಬಳ್ಳಿಯಲ್ಲಿಯೋ ಮೈಸೂರಿನಲ್ಲಿಯೋ ಕುಳಿತು ಅದನ್ನು ಬಳಸುವ ವೈದ್ಯ ವಿದ್ಯಾರ್ಥಿಯೂ 1960ರ ಆ ಶಿರೋನಾಮಗಳ ಸಂತತಿಯಿಂದಲೇ ಉಪಕಾರ ಪಡೆಯುತ್ತಿದ್ದಾನೆ.

ಓದದೆ ಉಳಿದ ಎಚ್ಚರಿಕೆ

ಯಂತ್ರ ಬಂದ ಮೇಲೆ ಗ್ರಂಥಪಾಲರ ಆವಶ್ಯಕತೆ ತೀರಿತೆಂದು ಕೆಲವರು ಎಣಿಸಿದರು. ಇದಕ್ಕೆ ಉತ್ತರವೆಂಬಂತೆ 2001ರಲ್ಲಿ ಒಂದು ದುರಂತ ನಡೆಯಿತು. ಯಾವ ವಿಶ್ವವಿದ್ಯಾಲಯದಲ್ಲಿ ಯಾಂತ್ರಿಕ ಸೂಚಿಯ ಮೊದಲ ಪ್ರಯೋಗಗಳು ನಡೆದಿದ್ದುವೋ ಅದೇ ಜಾನ್ಸ್ ಹಾಪ್ಕಿನ್ಸಿನಲ್ಲಿ, ಉಬ್ಬಸವನ್ನು ಕುರಿತ ಸಂಶೋಧನೆಗಾಗಿ ಆರೋಗ್ಯವಂತರಾದ ಕೆಲವರು ಹೆಕ್ಸಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನೊಡನೆ ಒಳಗೆ ತೆಗೆದುಕೊಂಡರು. ಅವರಲ್ಲಿ 24 ವರ್ಷ ವಯಸ್ಸಿನ ಒಬ್ಬ ತರುಣಿಯ ಶ್ವಾಸಕೋಶಗಳು ಕೆಟ್ಟು, ಸುಮಾರು ಒಂದು ತಿಂಗಳಲ್ಲಿ ಆಕೆ ಸತ್ತಳು.

ಹೆಕ್ಸಮೆಥೋನಿಯಂ ಹೊಸ ವಸ್ತುವೇನೂ ಆಗಿರಲಿಲ್ಲ. 1950ರ ದಶಕದಲ್ಲಿ ರಕ್ತದ ಒತ್ತಡವನ್ನು ಇಳಿಸಲು ಅದನ್ನು ಕೊಡುತ್ತಿದ್ದರು. ಅದನ್ನು ಸೇವಿಸಿದ ಕೆಲವು ರೋಗಿಗಳ ಶ್ವಾಸಕೋಶಗಳಿಗೆ ಹಾನಿಯಾದುದನ್ನು ಅಂದಿನ ವೈದ್ಯರು ಲೇಖನಗಳಲ್ಲಿ ಬರೆದಿಟ್ಟಿದ್ದರು. ಆದರೆ ಸಂಶೋಧಕರು ಮುಖ್ಯವಾಗಿ ಹುಡುಕಿದ ಗಣಕದ ಸೂಚಿ 1966ಕ್ಕಿಂತ ಹಿಂದೆ ಹೋಗುತ್ತಿರಲಿಲ್ಲ. ಅದಕ್ಕೂ ಹಳೆಯ ಲೇಖನಗಳಿಗೆ ದಾರಿ ತೋರಿಸುವ ಅಚ್ಚಿನ ಸೂಚಿಗಳು, ನಾವು ಮೇಲೆ ಕಂಡ ಗ್ರಂಥಪಾಲರ ಕೈಕೆಲಸ, ಕಪಾಟಿನಲ್ಲಿಯೇ ಇದ್ದುವು. ಸುದ್ದಿ ಹಬ್ಬಿದಾಗ ವೈದ್ಯಕೀಯ ಗ್ರಂಥಪಾಲರು ಆ ಲೇಖನಗಳನ್ನು ಹುಡುಕಿ ತೋರಿಸಿದರು. ಅನುಭವಿಯಾದ ಗ್ರಂಥಪಾಲರೊಬ್ಬರನ್ನು ಮೊದಲೇ ಕೇಳಿದ್ದರೆ ಎಚ್ಚರಿಕೆಯ ಮಾತು ಸಂಶೋಧಕರ ಮುಂದಿರುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಅನಂತರದ ವರ್ಷಗಳಲ್ಲಿ ಹಳೆಯ ಅಚ್ಚಿನ ಸೂಚಿಗಳನ್ನೂ ಗಣಕಕ್ಕೆ ಏರಿಸುವ ಕೆಲಸ ಮುಂದುವರಿಯಿತು. ಮೆಡ್‌ಲೈನ್ ಈಗ 1946ರವರೆಗೆ ಹಿಂದಕ್ಕೆ ಹೋಗುತ್ತದೆ.

ಈ ವೃತ್ತಿಯ ಫಲ ಕಣ್ಣಿಗೆ ಕಾಣುವುದು ಅಪರೂಪ. ಔಷಧದಿಂದ ಬದುಕಿದವನು ವೈದ್ಯನನ್ನು ನೆನೆಯುತ್ತಾನೆ. ಎಚ್ಚರಿಕೆ ಸಕಾಲಕ್ಕೆ ಸಿಕ್ಕಿದ್ದರಿಂದ ಕೊಡದೆ ಉಳಿದ ಔಷಧದ ಸುದ್ದಿ ರೋಗಿಗೆ ತಿಳಿಯುವುದೇ ಇಲ್ಲ. ಅದಕ್ಕಾಗಿಯೇ ಆಸ್ಪತ್ರೆಗಳ ವೆಚ್ಚವನ್ನು ಕಡಮೆಮಾಡಬೇಕೆಂದಾಗ ಮೊದಲು ಕತ್ತರಿ ಬೀಳುವುದು ಗ್ರಂಥಾಲಯಕ್ಕೆ. ಹುಡುಕುವ ಯಂತ್ರ ಎಷ್ಟು ಚುರುಕಾದರೂ ತನ್ನಲ್ಲಿ ತುಂಬಿದುದನ್ನು ಮಾತ್ರ ಅದು ಹುಡುಕಬಲ್ಲುದು. ತುಂಬದೆ ಉಳಿದುದು ಯಾವುದು, ಅದನ್ನು ಎಲ್ಲಿ ನೋಡಬೇಕು ಎಂಬುದನ್ನು ಬಲ್ಲವರು ಬೇರೆ ಬೇಕು. ವೈದ್ಯಕೀಯ ಕಾಲೇಜನ್ನಾಗಲಿ ಆಸ್ಪತ್ರೆಯನ್ನಾಗಲಿ ಕಟ್ಟುವವರು ಶಸ್ತ್ರಚಿಕಿತ್ಸೆಯ ಕೊಠಡಿಯೊಡನೆ ಈ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೇಲು.