ಪ್ಯಾಕ್‌ಮ್ಯಾನ್ ಪರದೆಯ ರಿಪೇರಿ

ಜಪಾನಿನ ನಾಮ್ಕೋ ಸಂಸ್ಥೆ 1980ರಲ್ಲಿ ಹೊರತಂದ ಪ್ಯಾಕ್‌ಮ್ಯಾನ್ ಆಟವನ್ನು ಅಮೆರಿಕದಲ್ಲಿ ಮಿಡ್‌ವೇ ಸಂಸ್ಥೆ ಆಳೆತ್ತರದ ಮರದ ಪೆಟ್ಟಿಗೆಗಳಲ್ಲಿ ಅಳವಡಿಸಿ ಮಾರಿತು; ಆ ಪೆಟ್ಟಿಗೆಗಳಲ್ಲಿ ಹಲವಕ್ಕೆ ಕೆನಡಾದ ಎಲೆಕ್ಟ್ರೋಹೋಮ್ ಕಂಪನಿಯ ಜಿ07 ಎಂಬ 19 ಇಂಚಿನ ಬಣ್ಣದ ಮಾನಿಟರನ್ನು ಜೋಡಿಸಲಾಗಿತ್ತು. ನಾಣ್ಯ ಹಾಕಿ ಆಡುವ ಇಂಥ ಯಂತ್ರಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವವರನ್ನು ಹೆಚ್ಚು ಕಾಡುವುದು ಈ ಮಾನಿಟರೇ. ಅದರ ಹಿಂಬದಿಯ ಸರ್ಕ್ಯೂಟಿನ ಬಿಡಿಭಾಗಗಳಿಗೆ ಬದಲಿ ಸಿಗುತ್ತದೆಯಾದರೂ ಪಿಕ್ಚರ್ ಟ್ಯೂಬಿನ ತಯಾರಿಕೆ ನಿಂತುಹೋಗಿರುವುದರಿಂದ, ರಿಪೇರಿಯ ಪ್ರತಿಯೊಂದು ಹೆಜ್ಜೆಯಲ್ಲೂ ಟ್ಯೂಬಿನ ಕ್ಷೇಮವನ್ನೇ ಮೊದಲು ನೋಡಬೇಕಾಗುತ್ತದೆ.

ಟ್ಯೂಬಿನ ಹೆಗಲಿನ ಮೇಲೆ ರಬ್ಬರ್ ಟೊಪ್ಪಿಯೊಂದರ ಅಡಿಯಲ್ಲಿ ಆನೋಡ್ ಎಂಬ ಲೋಹದ ಕುಳಿ ಇದೆ. ಮಾನಿಟರ್ ನಡೆಯುತ್ತಿರುವಾಗ ಅದಕ್ಕೆ 20,000 ವೋಲ್ಟಿನ ಆಸುಪಾಸಿನ ವಿದ್ಯುತ್ತು ಹರಿದುಬರುತ್ತದೆ, ಮತ್ತು ಗಾಜಿನ ಟ್ಯೂಬು ಸ್ವತಃ ಕೆಪಾಸಿಟರಿನ ಹಾಗೆ ವರ್ತಿಸುವುದರಿಂದ ಸ್ವಿಚ್ಚು ಆರಿಸಿದ ಬಳಿಕವೂ ಆ ವಿದ್ಯುತ್ತು ಒಳಗೆ ಉಳಿದಿರಬಹುದು. ಆದ್ದರಿಂದ ಪ್ಲಗ್ಗು ಕಿತ್ತಮೇಲೆ, ಮಾನಿಟರಿನ ಲೋಹದ ಚೌಕಟ್ಟಿಗೆ ತಂತಿಯಿಂದ ಬಿಗಿದ ಉದ್ದನೆಯ ಸ್ಕ್ರೂಡ್ರೈವರನ್ನು ಒಂದೇ ಕೈಯಲ್ಲಿ ಹಿಡಿದು, ಅದರ ತುದಿಯನ್ನು ಟೊಪ್ಪಿಯ ಅಡಿಗೆ ಮೆಲ್ಲಗೆ ತೂರಿಸಿ ಆನೋಡಿಗೆ ತಾಗಿಸಲಾಗುತ್ತದೆ. ‘ಚಟ್’ ಎಂಬ ಸದ್ದು ಕೇಳಿದರೂ ಕೇಳದಿದ್ದರೂ ಈ ಕೆಲಸವನ್ನು ಇನ್ನೊಮ್ಮೆ ಮಾಡುವುದು ಲೇಸು. ಟ್ಯೂಬಿನ ಹಿಂತುದಿಯ ಸಪೂರ ಕತ್ತಿಗೆ ಪೆಟ್ಟು ತಗಲಿ ಗಾಜು ಬಿರಿದರೆ ಒಳಗಿನ ನಿರ್ವಾತ ಹೋಗಿ, ಟ್ಯೂಬು ಶಾಶ್ವತವಾಗಿ ಕೆಡುತ್ತದೆ.

ದೋಷದ ಮೂಲವನ್ನು ಬಹುಮಟ್ಟಿಗೆ ಪರದೆಯೇ ತೋರಿಸಿಕೊಡುತ್ತದೆ. ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣವನ್ನು ಅಡ್ಡಕ್ಕೆ ಸರಿಸುವ ಭಾಗ ಸರಿಯಿದ್ದು, ಮೇಲಿಂದ ಕೆಳಕ್ಕೆ ಸರಿಸುವ ಭಾಗ ಕೈಕೊಟ್ಟರೆ ಇಡೀ ಚಿತ್ರ ಒಂದೇ ಅಡ್ಡಗೆರೆಯಾಗಿ ಕುಗ್ಗುತ್ತದೆ. ಕರ್ನಾಟಕದ ಊರುಗಳಲ್ಲಿ ಹಳೆಯ ಡಬ್ಬಾ ಟೀವಿಗಳನ್ನು ರಿಪೇರಿ ಮಾಡಿದವರಿಗೂ ಪರಿಚಿತವಾದ ದೋಷವಿದು. ಆದರೆ ಪ್ಯಾಕ್‌ಮ್ಯಾನ್ ಪೆಟ್ಟಿಗೆಯಲ್ಲಿ ಮಾನಿಟರನ್ನು ಮಗ್ಗುಲಾಗಿ ತಿರುಗಿಸಿ ಕೂರಿಸಿರುವುದರಿಂದ ಅದೇ ಗೆರೆ ಆಟಗಾರನ ಕಣ್ಣಿಗೆ ನೆಟ್ಟಗೆ ನಿಂತಂತೆ ಕಾಣುತ್ತದೆ, ಮತ್ತು ಇದನ್ನು ಮರೆತವರು ದೋಷವನ್ನು ತಪ್ಪು ಭಾಗದಲ್ಲಿ ಹುಡುಕುವ ಸಾಧ್ಯತೆಯಿದೆ. ಕೆಂಪು, ಹಸಿರು, ನೀಲಿಗಳಲ್ಲಿ ಒಂದು ಬಣ್ಣ ಮಾತ್ರ ಮಾಯವಾಗಿದ್ದರೆ ಟ್ಯೂಬಿನ ಕತ್ತಿಗೆ ಸಿಕ್ಕಿಸಿದ ಚಿಕ್ಕ ಬೋರ್ಡನ್ನೂ ಆಟದ ಬೋರ್ಡಿನಿಂದ ಬರುವ ತಂತಿಯನ್ನೂ ಮೊದಲು ಪರೀಕ್ಷಿಸಬೇಕು.

ಫ್ಯೂಸು ಮತ್ತೆ ಮತ್ತೆ ಸುಡುತ್ತಿದ್ದರೆ, ಕಿರಣವನ್ನು ಅಡ್ಡಕ್ಕೆ ಎಳೆಯುವ ಸುರುಳಿಗೂ ಫ್ಲೈಬ್ಯಾಕ್ ಎಂಬ ಅಧಿಕ ವೋಲ್ಟೇಜಿನ ಟ್ರಾನ್ಸ್‌ಫಾರ್ಮರಿಗೂ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವುದು ಸಾಮಾನ್ಯ. ಅದನ್ನು ಬದಲಿಸಿದರೆ ಸಾಲದು; ಅದನ್ನು ಕೆಡಿಸಿದ್ದು ಫ್ಲೈಬ್ಯಾಕ್ ಆಗಿದ್ದರೆ ಹೊಸ ಟ್ರಾನ್ಸಿಸ್ಟರೂ ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತದೆ. ದ್ರವರೂಪದ ರಾಸಾಯನಿಕವನ್ನು ಒಳಗಿಟ್ಟುಕೊಂಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ದಶಕಗಳ ಬಿಸಿಗೆ ಒಣಗಿರುತ್ತವಾದ್ದರಿಂದ ಅವನ್ನೆಲ್ಲ ಒಟ್ಟಿಗೆ ಬದಲಿಸುವ ಪದ್ಧತಿ ಬೆಳೆದಿದೆ. ಅದು ಒಳ್ಳೆಯದೇ, ಆದರೆ ದೋಷ ಎಲ್ಲಿದೆಯೆಂದು ತಿಳಿಯದೆ ಹತ್ತಾರು ಬಿಡಿಭಾಗಗಳನ್ನು ಕಿತ್ತು ಕೂರಿಸಿದಾಗ, ಒಂದು ಕೆಪಾಸಿಟರ್ ತಲೆಕೆಳಗಾಗಿ ಕೂತರೂ ಹಳೆಯ ದೋಷದ ಜೊತೆಗೆ ಹೊಸದೊಂದು ಸೇರಿಕೊಳ್ಳುತ್ತದೆ. ಅದಕ್ಕಿಂತ ಮೊದಲು ಕನೆಕ್ಟರ್ ಪಿನ್ನುಗಳ ಬುಡವನ್ನು ಭೂತಗನ್ನಡಿಯಲ್ಲಿ ನೋಡುವುದು ವಿವೇಕದ ಕೆಲಸ: ಅಲ್ಲಿ ಪಿನ್ನಿನ ಸುತ್ತ ಕೂದಲೆಳೆಯಷ್ಟು ತೆಳುವಾದ ಕಪ್ಪು ಉಂಗುರ ಕಂಡರೆ ಬೆಸುಗೆ ಬಿರುಕು ಬಿಟ್ಟಿದೆಯೆಂದೇ ಅರ್ಥ, ಮತ್ತು ತಟ್ಟಿದಾಗ ಬಂದುಹೋಗುವ ಚಿತ್ರ ಎಷ್ಟೋ ಸಲ ಹೊಸ ಬೆಸುಗೆಯೊಂದರಿಂದಲೇ ಸ್ಥಿರವಾಗುತ್ತದೆ.

ಜಿ07 ಮಾನಿಟರಿನಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಅಂದರೆ ಮಾನಿಟರನ್ನು ಗೋಡೆಯ ವಿದ್ಯುತ್ತಿನಿಂದ ಬೇರ್ಪಡಿಸುವ ಸಾಧನ, ಇರುವುದಿಲ್ಲ. ಅದು ಪೆಟ್ಟಿಗೆಯೊಳಗೆ ಬೇರೆಯಾಗಿರುತ್ತದೆ. ಮೇಜಿನ ಮೇಲಿಟ್ಟು ಪರೀಕ್ಷಿಸುವಾಗ ಇದನ್ನು ಮರೆತು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದರೆ ಮಾನಿಟರಿಗೂ ಮುಟ್ಟಿದವರಿಗೂ ಅಪಾಯ. ರಿಪೇರಿಯಾದ ಬಳಿಕ ಮಾನಿಟರಿನ ಮುಖ್ಯ ಡಿಸಿ ವೋಲ್ಟೇಜು 120ಕ್ಕೆ ಬಂದಿದೆಯೇ ಎಂದು ಮಲ್ಟಿಮೀಟರಿನಿಂದ ಅಳೆದು ನೋಡಬೇಕು, ಏಕೆಂದರೆ ಅದು ಮೀರಿದಷ್ಟೂ ಆನೋಡಿನ ವೋಲ್ಟೇಜು ಏರುತ್ತದೆ ಮತ್ತು ವಿಪರೀತ ಏರಿದರೆ ಟ್ಯೂಬು ಕ್ಷ-ಕಿರಣ ಸೂಸುವ ಭಯವಿರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಚಿತ್ರ ಮಸುಕಾಗಿದ್ದರೆ ಎಲೆಕ್ಟ್ರಾನುಗಳನ್ನು ಹೊಮ್ಮಿಸುವ ಕ್ಯಾಥೋಡ್ ಸವೆದಿರುವ ಸಂಭವವಿದೆ. ಹೆಚ್ಚಿನ ವಿದ್ಯುತ್ತು ಹರಿಸಿ ಅದರ ಮೇಲ್ಪದರವನ್ನು ಸುಟ್ಟು ಚುರುಕುಗೊಳಿಸುವ ಉಪಕರಣಗಳಿದ್ದರೂ, ಆ ಚಿಕಿತ್ಸೆಯಿಂದ ಕೆಲವು ಟ್ಯೂಬುಗಳು ಬೆಳಗಿದರೆ ಕೆಲವು ಅಲ್ಲಿಗೇ ಸಾಯುತ್ತವೆ. ಚಿತ್ರ ಮಂಕಾಗಿಯಾದರೂ ಆಡುವಷ್ಟು ಕಾಣುತ್ತಿದ್ದರೆ ಅದರ ಗೊಡವೆಗೆ ಹೋಗದಿರುವುದೇ ಸರಿ.