ಎಣಿಸದ ಗಡಿಯಾರ

ಮೊಬೈಲ್ ಆ್ಯಪ್‌ಗೆ ಮುಳ್ಳಿನ ಗಡಿಯಾರವೊಂದನ್ನು ಮಾಡಹೊರಟವರಿಗೆ ಥಟ್ಟನೆ ಹೊಳೆಯುವ ಉಪಾಯ: ಸೆಕೆಂಡಿಗೊಮ್ಮೆ ಬಡಿಯುವ ಟೈಮರ್ ಇಟ್ಟು, ಬಡಿದಾಗಲೆಲ್ಲ ಮುಳ್ಳನ್ನು 6 ಡಿಗ್ರಿ ಮುಂದೆ ತಳ್ಳುವುದು. ಐದು ನಿಮಿಷ ನೋಡಿದರೆ ಕೊರತೆಯೇನೂ ಕಾಣದು. ಆದರೆ ಪ್ರೊಸೆಸರ್ ಬೇರೆ ಕೆಲಸದಲ್ಲಿದ್ದರೆ ಟೈಮರಿನ ಸರದಿ ತಡವಾಗುತ್ತದೆ. ಪ್ರತಿ ಬಡಿತಕ್ಕೆ ಸೆಕೆಂಡಿನ ನೂರನೇ ಒಂದು ಪಾಲು ತಡವಾದರೂ, 86,400 ಬಡಿತಗಳಾಗುವಷ್ಟರಲ್ಲಿ ಗಡಿಯಾರ 864 ಸೆಕೆಂಡು, ಅಂದರೆ ಹದಿನಾಲ್ಕು ನಿಮಿಷಕ್ಕೂ ಮಿಕ್ಕಿ ಹಿಂದೆ ಬಿದ್ದಿರುತ್ತದೆ. ಆ್ಯಪ್ ಹಿನ್ನೆಲೆಗೆ ಸರಿದರಂತೂ ಟೈಮರ್ ನಿಂತೇ ಹೋಗಬಹುದು.

ಆದ್ದರಿಂದ ಪರದೆಯ ಗಡಿಯಾರಕ್ಕೆ ಎಣಿಸುವ ಕೆಲಸವನ್ನೇ ಕೊಡಬಾರದು. ಪ್ರತಿ ಸಲ ಚಿತ್ರ ಬಿಡಿಸುವ ಮುನ್ನ ಅದು ಫೋನನ್ನು ‘ಈಗೆಷ್ಟು ಹೊತ್ತು?’ ಎಂದು ಕೇಳಬೇಕು, ಹಳೆಯದನ್ನು ಅಳಿಸಿ ಹೊಸದಾಗಿ ಬರೆಯಬೇಕು. ಫೋನಿನ ಒಳಗಿರುವುದು 1970ರ ಜನವರಿ 1ರಿಂದ ಕಳೆದ ಹೊತ್ತಿನ ಲೆಕ್ಕ, ಅದೂ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ. ಭಾರತದ ಸಮಯ ಬೇಕೆಂದರೆ 19,800 ಸೆಕೆಂಡು ಸೇರಬೇಕು. ಅದನ್ನು ಕೈಯಾರೆ ಕೂಡಿಸುವ ಚಪಲ ಬೇಡ, ಫೋನಿನ ಕಾಲವಲಯದ ವ್ಯವಸ್ಥೆಗೇ ಬಿಡಿ. ನಿಮ್ಮ ಬಳಕೆದಾರರು ನಾಳೆ ದುಬೈಯಲ್ಲಿ ಇಳಿಯಬಹುದು.

ಇನ್ನುಳಿದದ್ದು ಹೈಸ್ಕೂಲಿನ ತ್ರಿಕೋನಮಿತಿ. ನಿಮಿಷದ ಮುಳ್ಳಿಗೆ ನಿಮಿಷಕ್ಕೆ 6 ಡಿಗ್ರಿ; ಗಂಟೆಯದಕ್ಕೆ ಗಂಟೆಗೆ 30, ಜೊತೆಗೆ ನಿಮಿಷಕ್ಕೆ ಅರ್ಧ. ಈ ಅರ್ಧ ಮರೆತರೆ ಮೂರೂವರೆಯಲ್ಲೂ ಮುಳ್ಳು ಮೂರಕ್ಕೇ ಅಂಟಿಕೊಂಡಿರುತ್ತದೆ. ಕೋಸೈನ್, ಸೈನ್ ಬಳಸಿ ಮುಳ್ಳಿನ ತುದಿ ಹುಡುಕುವಾಗ ಸೊನ್ನೆ ಡಿಗ್ರಿ ಬಲಕ್ಕೆ, ಅಂದರೆ ಮೂರರ ಕಡೆಗಿರುತ್ತದೆ. ಹಾಗಾಗಿ ಎಲ್ಲದರಿಂದಲೂ 90 ಕಳೆಯಬೇಕು.

ಸೆಕೆಂಡಿನ ಮುಳ್ಳನ್ನು ಹೇಗೆ ಓಡಿಸುವುದು ಎಂಬುದು ರುಚಿಯ ಪ್ರಶ್ನೆ. ಸ್ವಿಸ್ ರೈಲ್ವೆಗಾಗಿ ಎಂಜಿನಿಯರ್ ಹಾನ್ಸ್ ಹಿಲ್ಫಿಕರ್ 1944ರಲ್ಲಿ ರೂಪಿಸಿದ ಗಡಿಯಾರಕ್ಕೆ ಆಮೇಲೆ ಸೇರಿದ ಕೆಂಪು ಮುಳ್ಳು ಸುಮಾರು 58.5 ಸೆಕೆಂಡಿನಲ್ಲಿ ಸುತ್ತು ಮುಗಿಸಿ, ಮುಖ್ಯ ಗಡಿಯಾರದ ಸಂಕೇತ ಬರುವವರೆಗೆ ಹನ್ನೆರಡರ ಮೇಲೆ ಕಾಯುತ್ತದೆ. 2012ರಲ್ಲಿ ಆ್ಯಪಲ್ ಈ ವಿನ್ಯಾಸವನ್ನು ಐಪ್ಯಾಡ್‌ನಲ್ಲಿ ಕೇಳದೇ ಬಳಸಿ, ಬಳಿಕ ಪರವಾನಗಿ ಒಪ್ಪಂದಕ್ಕೆ ಬರಬೇಕಾಯಿತು. ಆ ನಡಿಗೆಯ ಅನುಕರಣೆ ಸುಲಭ: ಸೆಕೆಂಡನ್ನು 58.5ರಿಂದ ಭಾಗಿಸಿ, ಒಂದನ್ನು ಮೀರದಂತೆ ತಡೆದು, 360ರಿಂದ ಗುಣಿಸಿದರಾಯಿತು. ನುಣುಪಾಗಿ ಜಾರುವ ಮುಳ್ಳಿಗೆ ಮಾತ್ರ ಪರದೆಯನ್ನು ಸೆಕೆಂಡಿಗೆ 60 ಸಲ ಬರೆಯಬೇಕಾದೀತು. ಬ್ಯಾಟರಿಗೆ ಅದು ದಂಡ. ನನ್ನ ಮತ ಸೆಕೆಂಡಿಗೊಮ್ಮೆ ಜಿಗಿಯುವ ಮುಳ್ಳಿಗೆ.

ಇನ್ನೊಂದು ಕೆಲಸ ಬಾಕಿಯಿದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಈ ಗಡಿಯಾರ ಅರ್ಥವಿಲ್ಲದ ಗೆರೆಗಳ ರಾಶಿ. ‘ಸಮಯ ಮೂರೂವರೆ’ ಎಂಬ ಪಠ್ಯವನ್ನು ಅದರ ಜೊತೆಗಿಡಿ, ಆಮೇಲೆ ಆ್ಯಪ್ ಬಿಡುಗಡೆ ಮಾಡಿ.